ವಧುವಿನ ಪ್ರವೇಶಕ್ಕಷ್ಟೇ ವಾದ್ಯವೇ?

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮದುವೆ ನಿಶ್ಚಯವಾದ ಮೇಲೆ ಹಾಲ್, ಊಟ, ಫೋಟೊ, ಹೂವಿನ ಅಲಂಕಾರಗಳ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಇಗರ್ಜಿಯಲ್ಲಿ ಮ್ಯೂಸಿಕ್ ಯಾರದು? ಊರಿನ ಕೊಯರ್ ಹೇಗೂ ಇದೆ. ಅದರ ಜೊತೆ ಒಂದು ವಯಲಿನ್ ಇರಲಿ, ಆದರೆ ಎರಡು. ಒಂದು ಟ್ರಂಪೆಟ್ ಇದ್ದರೆ ಚೆನ್ನ. ಬೆಂಗಳೂರಿನಿಂದಲೋ ಗೋವಾದಿಂದಲೋ ಒಬ್ಬ ಗಾಯಕಿಯನ್ನು ಕರೆಸೋಣ. ಹೀಗೆ ಪಟ್ಟಿ ಬೆಳೆಯುತ್ತದೆ. ಗಲ್ಫ್‌ನಲ್ಲಿ ದುಡಿಯುವ ಮಗ ಕ್ರಿಸ್ಮಸ್ ರಜೆಗೆ ಬಂದು ಜನವರಿ ಮೊದಲ ವಾರ ಮದುವೆಯಾಗಿ ಹಿಂದಿರುಗುವ ಅವಸರದಲ್ಲಿ ಈ ಪಟ್ಟಿಯನ್ನು ಯಾರೂ ಕೂತು ಯೋಚಿಸುವುದಿಲ್ಲ, ಈವೆಂಟ್ ಮ್ಯಾನೇಜರ್ ಕೈಗೆ ಕೊಟ್ಟುಬಿಡುತ್ತಾರೆ. ಎಲ್ಲದರ ಹಿಂದೆ ಇರುವುದು ಒಂದೇ ನಂಬಿಕೆ: ವಾದ್ಯ ಹೆಚ್ಚಿದಷ್ಟೂ ಪೂಜೆಗೆ ಗಾಂಭೀರ್ಯ ಹೆಚ್ಚು.

ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ಹಾಗೆಂದು, ಹೊರಗಿನವರೇ ಬೇಡ, ಆರ್ಗನ್ ಒಂದೇ ಸಾಕು ಎನ್ನುವ ಮಡಿವಂತಿಕೆಯೂ ನನ್ನದಲ್ಲ. ಹೊರಗಿನ ಒಬ್ಬ ಒಳ್ಳೆಯ ವಾದ್ಯಗಾರ ಸೊರಗಿದ ಕೊಯರ್‌ಗೆ ಜೀವ ತುಂಬಬಲ್ಲ. ಆದರೆ ಅವನನ್ನು ಆರಿಸುವ ಅಳತೆಗೋಲು ಬೇರೆಯಾಗಬೇಕು. ಅವನು ಬಂದದ್ದರಿಂದ ಬೆಂಚುಗಳಲ್ಲಿ ನಿಂತ ಜನ ಹಾಡಿದರೇ? ಹಾಡಿದರೆ ಆಯ್ಕೆ ಸರಿ. ಅವನಿಂದಾಗಿ ಅವರು ಬಾಯಿ ಮುಚ್ಚಿಕೊಂಡು ಮೊಬೈಲ್ ಎತ್ತಿ ಹಿಡಿದರೆ, ಅವನು ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಆ ಪೂಜೆಗೆ ಅವನು ಸಲ್ಲದವನು.

ಮದುವೆಯ ಬಲಿಪೂಜೆಯಲ್ಲಿ ಸಂಗೀತ ಎಲ್ಲೆಲ್ಲಿ ಬರುತ್ತದೆ ಎಂದು ನೋಡಿದರೆ ಸಾಕು, ನಮ್ಮ ಈಗಿನ ಆಯ್ಕೆಯ ದೋಷ ಕಣ್ಣಿಗೆ ಬೀಳುತ್ತದೆ. ಪ್ರವೇಶದ ಮೆರವಣಿಗೆ ಇದೆ; ಕೀರ್ತನೆಯ ಪಲ್ಲವಿ, ಅಲ್ಲೆಲೂಯ ಇವೆ; ಮದುವೆಯ ವಚನ ಮತ್ತು ಉಂಗುರದ ಆಶೀರ್ವಾದದ ನಂತರ ಕಾಣಿಕೆಯ ಹಾಡು; 'ಪವಿತ್ರ ಪವಿತ್ರ' ಎಂಬ ಘೋಷ, 'ದೇವರ ಕುರಿಮರಿ', ಪರಮಪ್ರಸಾದದ ಹೊತ್ತಿನ ದೀರ್ಘ ಅವಧಿ; ಕೊನೆಗೆ ದಂಪತಿ ಹೊರನಡೆಯುವ ಹಾಡು. ಹೊರಗಿನಿಂದ ಬಂದ ವಯಲಿನ್ ಮತ್ತು ಟ್ರಂಪೆಟ್ ಕೇಳಿಸುವುದು ಮೊದಲಿನ ನಾಲ್ಕು ನಿಮಿಷ, ಕೊನೆಯ ಮೂರು ನಿಮಿಷ, ನಡುವೆ ಒಂದು ಸೋಲೊ. ಉಳಿದ ಒಂದು ಗಂಟೆ ಆ ಕಲಾವಿದರು ಕೈಕಟ್ಟಿ ಕೂತಿರುತ್ತಾರೆ, ಏಕೆಂದರೆ 'ಪವಿತ್ರ ಪವಿತ್ರ'ದ ಧಾಟಿ ಅವರಿಗೆ ಯಾರೂ ಕೊಟ್ಟಿಲ್ಲ, ಕೀರ್ತನೆ ಯಾವ ಸ್ವರದಲ್ಲಿ ಎಂದು ಹೇಳಿಲ್ಲ. ಪೂಜೆಯ ಒಳಗೆ ಜನ ನಿಜಕ್ಕೂ ಹಾಡಬೇಕಾದ ಜಾಗಗಳು ಇವೇ. ಅಲ್ಲಿ ಎಂದಿನಂತೆ ಒಂದು ಕೀಬೋರ್ಡ್, ಆರು ಮಂದಿ ಹುಡುಗಿಯರ ದನಿ. ಅಂದರೆ ನಾವು ಹಣ ಸುರಿದದ್ದು ಬಾಗಿಲಿಗೆ, ಒಳಮನೆಗೆ ಅಲ್ಲ.

ಇದಕ್ಕೆ ಉತ್ತರವಾಗಿ ಹೇಳುವುದುಂಟು: ಇಗರ್ಜಿ ಎಂದರೆ ಪಾಶ್ಚಾತ್ಯ ಸಂಗೀತ, ಆ ಸಂಗೀತಕ್ಕೆ ಆ ವಾದ್ಯಗಳೇ ಬೇಕು, ಪರಂಪರೆ ಹಾಗಿದೆ. ಯಾವ ಪರಂಪರೆ ಎಂದು ಕೇಳಬೇಕಾಗುತ್ತದೆ. ವಧುವಿನ ಪ್ರವೇಶಕ್ಕೆ ಎಲ್ಲರ ಕಿವಿಗೂ ಪರಿಚಿತವಾದ ಧಾಟಿ ರಿಚರ್ಡ್ ವಾಗ್ನರನ 'ಲೋಹೆನ್‌ಗ್ರಿನ್' ಒಪೆರಾದ್ದು. 1850ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಅದು ಮೊದಲು ರಂಗಕ್ಕೆ ಬಂತು. ಅಲ್ಲಿ ಅದನ್ನು ಹಾಡುವುದು ಮದುವೆ ಮುಗಿದ ಮೇಲೆ, ದಂಪತಿಯನ್ನು ಶಯನಗೃಹಕ್ಕೆ ಕರೆದೊಯ್ಯುವಾಗ. ಅದೇ ರಾತ್ರಿ ಹೆಂಡತಿ ಕೇಳಬಾರದ ಪ್ರಶ್ನೆ ಕೇಳುತ್ತಾಳೆ, ಗಂಡ ಅವಳನ್ನು ಬಿಟ್ಟು ಹೋಗುತ್ತಾನೆ, ಅವಳು ಅಲ್ಲೇ ಕುಸಿದು ಸಾಯುತ್ತಾಳೆ. ದಂಪತಿ ಹೊರಬರುವಾಗ ನುಡಿಸುವ ಮೆಂಡೆಲ್ಸೋನ್‌ನ ಮದುವೆ ಮೆರವಣಿಗೆ ಶೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕಕ್ಕೆಂದು 1842ರಲ್ಲಿ ಬರೆದದ್ದು. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಅದು ಲೋಕದ ತುಂಬ ಹಬ್ಬಿತು. ಪರಮಪ್ರಸಾದದ ಹೊತ್ತಿಗೆ ಗಾಯಕಿ ಹಾಡುವ ಶೂಬರ್ಟನ 'ಆವೆ ಮರಿಯಾ' ಕೂಡ ಪೂಜೆಗೆಂದು ಹುಟ್ಟಿದ್ದಲ್ಲ. ವಾಲ್ಟರ್ ಸ್ಕಾಟನ 'ದಿ ಲೇಡಿ ಆಫ್ ದಿ ಲೇಕ್' ಕಥನಕಾವ್ಯದಲ್ಲಿ ಎಲೆನ್ ಎಂಬ ಹುಡುಗಿ ಮಾತೆಗೆ ಮೊರೆಯಿಡುವ ಹಾಡಿಗೆ ಅವನು 1825ರಲ್ಲಿ ಸಂಗೀತ ಕೊಟ್ಟ. ಇವು ಸುಂದರ ಕೃತಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ರಂಗಭೂಮಿಯಿಂದ, ಅರಮನೆಯಿಂದ, ಗೋಷ್ಠಿಯ ಕೋಣೆಯಿಂದ ಇಗರ್ಜಿಗೆ ಬಂದವು. ಅಮೆರಿಕದ ಹಲವು ಕ್ಯಾಥೊಲಿಕ್ ಚರ್ಚುಗಳಲ್ಲಿ ವಾಗ್ನರ್, ಮೆಂಡೆಲ್ಸೋನ್ ಇಬ್ಬರ ಮೆರವಣಿಗೆಗಳನ್ನೂ ಬೇಡವೆನ್ನುತ್ತಾರೆ. ಇವನ್ನೇ ಚರ್ಚಿನ ಸ್ವಂತ ಸೊತ್ತೆಂದು ಭಾವಿಸಿ, ನಮ್ಮ ತಬಲಾವನ್ನೋ ಕೊಳಲನ್ನೋ ಹೊರಗಿನದೆಂದು ಅನುಮಾನಿಸುವುದು ಯಾವ ನ್ಯಾಯ?

ಪಾಕೆಲ್‌ಬೆಲ್‌ನ 'ಕ್ಯಾನನ್' ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈಗ ಹೆಚ್ಚಿನವರು ಕೇಳುವುದು ಅದನ್ನೇ. ಬಹುಕಾಲ ಮರೆತುಹೋಗಿದ್ದ ಈ ಕೃತಿಯನ್ನು ಫ್ರಾನ್ಸಿನ ಜಾನ್ ಫ್ರಾಂಸ್ವಾ ಪಯ್ಯಾರ್ 1968ರಲ್ಲಿ ಮಾಡಿದ ಧ್ವನಿಮುದ್ರಣ ಜನಪ್ರಿಯಗೊಳಿಸಿತು. ಅದು ಮೂರು ವಯಲಿನ್ ಮತ್ತು ಒಂದು ಮಂದ್ರ ವಾದ್ಯಕ್ಕೆ ಬರೆದ ಕೃತಿ. ಕೆಳಗೆ ಎಂಟು ಸ್ವರಗಳ ಒಂದು ಸಾಲು 28 ಸಲ ಮರುಕಳಿಸುತ್ತದೆ. ಮೇಲೆ ಮೂರು ವಯಲಿನ್‌ಗಳು ಒಂದರ ಬೆನ್ನಿಗೆ ಇನ್ನೊಂದು ಅದೇ ಧಾಟಿಯನ್ನು ಎತ್ತಿಕೊಳ್ಳುತ್ತವೆ. ಆ ಬೆನ್ನಟ್ಟುವಿಕೆಯೇ ಕೃತಿಯ ಪ್ರಾಣ. ಒಂದೇ ವಯಲಿನ್, ಜೊತೆಗೆ ಕೀಬೋರ್ಡಿನ ರಿದಂ ಇಟ್ಟುಕೊಂಡು ನುಡಿಸಿದರೆ ಉಳಿಯುವುದು ಎಲುಬಿನ ಗೂಡು. ಹಾಗಿದ್ದೂ ಇದು ಮದುವೆಗೆ ಒದಗುವುದಕ್ಕೆ ಒಂದು ಒಳ್ಳೆಯ ಕಾರಣವಿದೆ: ಎಂಟು ಸ್ವರಗಳ ಸಾಲು ಮುಗಿದಲ್ಲೆಲ್ಲ ನಿಲ್ಲಿಸಬಹುದು. ವಧು ಬೇಗ ನಡೆದರೂ, ಸೀರೆಯ ಅಂಚು ಸಿಕ್ಕಿಕೊಂಡು ತಡವಾದರೂ, ಬಾಗಿಲು ಮತ್ತು ಪೀಠ ಎರಡರ ಮೇಲೂ ಕಣ್ಣಿಟ್ಟ ವಾದ್ಯಗಾರ ಸರಿಯಾದ ಜಾಗದಲ್ಲಿ ಮುಗಿಸಬಲ್ಲ. ಹಾಗೆ ಕಣ್ಣಿಟ್ಟು ನುಡಿಸುವವನು ಸಿಕ್ಕರೆ ಅವನನ್ನು ಬಿಡಬೇಡಿ. ಬೆರಳಿನ ಚಮತ್ಕಾರಕ್ಕಿಂತ ಆ ಎಚ್ಚರ ದೊಡ್ಡದು.

ಚರ್ಚಿನ ನಿಯಮ ಏನು ಹೇಳುತ್ತದೆ ಎಂದು ವಾದಿಸುವವರು ಸಾಮಾನ್ಯವಾಗಿ ಅರ್ಧವನ್ನಷ್ಟೇ ಹೇಳುತ್ತಾರೆ. ಹತ್ತನೇ ಪಿಯುಸ್ ಪೋಪ್ 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಹೊರಡಿಸಿದ ಆಜ್ಞೆ ಕಠಿಣವಾಗಿತ್ತು. ಪಿಯಾನೊ ಬೇಡ, ಡ್ರಮ್ ಮತ್ತು ತಾಳದಂಥ ಗದ್ದಲದ ವಾದ್ಯ ಬೇಡ, ಬ್ಯಾಂಡ್ ಅಂತೂ ಚರ್ಚಿನೊಳಗೆ ಕೂಡದು. ಊದುವ ವಾದ್ಯಗಳನ್ನು ಬಿಷಪರ ಅನುಮತಿಯಿದ್ದರೆ ಮಾತ್ರ, ಅದೂ ಕೆಲವೇ ಕೆಲವು, ಜಾಗದ ಅಳತೆಗೆ ತಕ್ಕಂತೆ. ಅರವತ್ತು ವರ್ಷಗಳ ಬಳಿಕ, 1963ರ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ದಸ್ತಾವೇಜು ಬಾಗಿಲನ್ನು ಅಗಲ ಮಾಡಿತು. ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಉಳಿಸಿ, ಬೇರೆ ವಾದ್ಯಗಳಿಗೂ ಎಡೆ ಮಾಡಿಕೊಟ್ಟಿತು. ಮಿಷನರಿಗಳು ಹೋದ ನಾಡುಗಳಲ್ಲಿ ಆಯಾ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮಹತ್ವ ಕೊಡಬೇಕೆಂದಿತು. 1967ರ ಮಾರ್ಚ್‌ನಲ್ಲಿ ಬಂದ ಸಂಗೀತದ ಸೂಚನೆಗಳು ಇನ್ನೂ ನಿಖರ. ವಾದ್ಯ ದನಿಗೆ ಆಸರೆಯಾಗಬೇಕು, ಜನ ಪಾಲುಗೊಳ್ಳುವುದನ್ನು ಸುಲಭ ಮಾಡಬೇಕು, ಮಾತು ಕೇಳಿಸದಷ್ಟು ದನಿಯನ್ನು ಮುಳುಗಿಸಬಾರದು. ಗುರುಗಳು ತಮ್ಮ ಪಾಲಿನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವಾಗ ವಾದ್ಯ ಸುಮ್ಮನಿರಬೇಕು. ಸೋಲೊ ವಾದನಕ್ಕೆ ಗುರುಗಳು ಪೀಠ ತಲುಪುವ ಮುನ್ನ, ಕಾಣಿಕೆಯ ಹೊತ್ತು, ಪರಮಪ್ರಸಾದದ ಹೊತ್ತು, ಪೂಜೆಯ ಕೊನೆ, ಈ ನಾಲ್ಕು ಜಾಗಗಳನ್ನು ಆ ಸೂಚನೆಗಳೇ ಬಿಟ್ಟುಕೊಡುತ್ತವೆ. ನುಡಿಸುವ ಕೌಶಲ ಒಂದೇ ಸಾಲದು, ಆರಾಧನೆಯ ಅಂತರಂಗ ತಿಳಿದಿರಬೇಕು ಎಂಬುದೂ ಅಲ್ಲಿದೆ.

ಈ ಸೂಚನೆಗಳನ್ನು ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು, ಪ್ರಶ್ನೆ ಇರುವುದು ಯಾವ ವಾದ್ಯ ಎಂಬಲ್ಲಿ ಅಲ್ಲ, ವಾದ್ಯ ಏನು ಮಾಡುತ್ತದೆ ಎಂಬಲ್ಲಿ. ನಮ್ಮ ಆಯ್ಕೆಗಳು ಕೆಡುವುದೂ ಅಲ್ಲೇ. ವಾದ್ಯದ ಹೆಸರಿನ ಮೇಲೆ ಆರಿಸುತ್ತೇವೆ.

ಸ್ಯಾಕ್ಸೊಫೋನನ್ನೇ ತೆಗೆದುಕೊಳ್ಳಿ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೈಸೂರು ಅರಮನೆಯ ಬ್ಯಾಂಡಿನಲ್ಲಿತ್ತು. ಅಲ್ಲಿ ಅದನ್ನು ಕೇಳಿ ಮರುಳಾದ ಬಂಟ್ವಾಳ ಸೀಮೆಯ ನಾಗಸ್ವರದ ಮನೆತನದ ಹುಡುಗ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಗೂ ಒಯ್ದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ತುಳುನಾಡಿನ ದೇವಸ್ಥಾನದ ಉತ್ಸವದಲ್ಲಿ, ನೇಮದಲ್ಲಿ, ಮದುವೆಯಲ್ಲಿ ಸ್ಯಾಕ್ಸೊಫೋನ್ ಮನೆಯ ವಾದ್ಯವಾಗಿಬಿಟ್ಟಿತ್ತು. ಉಸಿರನ್ನು ಹಿಡಿದು ಗಮಕ ತೆಗೆಯುವ, ಬಯಲಿನಲ್ಲಿ ಗಂಟೆಗಟ್ಟಲೆ ನುಡಿಸಬಲ್ಲ ಸ್ಯಾಕ್ಸೊಫೋನ್ ವಾದಕರು ನಮ್ಮ ಹಳ್ಳಿ ಹಳ್ಳಿಗಳಲ್ಲಿದ್ದಾರೆ. ಇಗರ್ಜಿಯ ಮದುವೆಗೆ ಸ್ಯಾಕ್ಸ್ ಬೇಕೆಂದಾಗ ನಾವು ಅವರನ್ನು ನೆನೆಯುವುದಿಲ್ಲ. ಹೋಟೆಲಿನ ಲಾಂಜಿನಲ್ಲಿ ಇಂಗ್ಲಿಷ್ ಸಿನಿಮಾ ಹಾಡು ನುಡಿಸುವವನನ್ನು ದೂರದಿಂದ ಕರೆಸುತ್ತೇವೆ. ಅವನ ಮಟ್ಟು ಕೊಂಕಣಿಯ ಅಥವಾ ಕನ್ನಡದ ಭಕ್ತಿಗೀತೆಗೆ ಹೊಂದುವುದಿಲ್ಲ. ನೆರೆಯ ಊರಿನ ವಾದಕನಿಗೆ ಹಾಡನ್ನು ಮೊದಲೇ ಕೊಟ್ಟು ಎರಡು ಸಂಜೆ ಕೊಯರ್ ಜೊತೆ ಕೂರಿಸಿದರೆ, ಪಲ್ಲವಿಯ ಕೊನೆಯ ಸಾಲನ್ನು ಜನರ ದನಿಗೆ ಆಸರೆ ಕೊಟ್ಟು ಎತ್ತುವುದು ಅವನಿಗೆ ಸಹಜವಾಗಿ ಬರುತ್ತದೆ. ಮೇಳವನ್ನು, ಜನಸಂದಣಿಯನ್ನು ಕೊಂಡೊಯ್ಯುವುದು ಅವನ ಕಸುಬು. ಅವನು ಬೇರೆ ಧರ್ಮದವನಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಕೇಳುವವರು ಹೋಟೆಲಿನವನ ಧರ್ಮವನ್ನು ವಿಚಾರಿಸಿದ್ದು ನಾನು ಕಾಣೆ. ಕಲಿಯುವ ಮನಸ್ಸು ಮತ್ತು ಪೀಠದ ಮುಂದೆ ತೋರುವ ಗೌರವ, ಇವೆರಡನ್ನು ನೋಡಿದರೆ ಸಾಕು.

ಊರಿನ ವಾದ್ಯ ಎಂಬ ಒಂದೇ ಕಾರಣಕ್ಕೆ ಒಳಗೆ ತರುವುದೂ ಅದೇ ತಪ್ಪಿನ ಇನ್ನೊಂದು ಮುಖ. ರೋಸ್ ದಿನ ಮನೆಯಂಗಳದಲ್ಲಿ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಹಾಡುವ ವೊವಿಯೊಗಳಿಗೆ, ಜೊತೆಗೆ ಬಡಿಯುವ ಗುಮಟಕ್ಕೆ ಒಂದು ಚರಿತ್ರೆಯಿದೆ. ಗೋವಾದ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಕಟ್ಟಳೆ ಮದುವೆಮನೆಯ ವೊವಿಯೊಗಳನ್ನು ನಿಷೇಧಿಸಿತ್ತು. ಆ ನಿಷೇಧವನ್ನು ಮೀರಿ, ಗೋವಾದಿಂದ ದಕ್ಷಿಣಕ್ಕೆ ಬಂದವರ ಬಾಯಲ್ಲಿ ಅವು ಉಳಿದು ಬಂದವು. ಹಾಗೆ ಉಳಿದದ್ದನ್ನು 'ಕಲ್ಚರಲ್ ಐಟಂ' ಎಂದು ಕಾಣಿಕೆಯ ಮೆರವಣಿಗೆಯಲ್ಲಿ ಎರಡು ನಿಮಿಷ ತೋರಿಸಿ ಮುಗಿಸುವುದು ನನಗೆ ನೋವಿನ ಸಂಗತಿ. ಗುಮಟದ ಸ್ಥಾನ ಅಂಗಳದಲ್ಲಿದೆ, ಅಲ್ಲಿ ಅದಕ್ಕೆ ಪೂರ್ತಿ ಸಂಜೆ ಕೊಡಿ. ಇಗರ್ಜಿಯೊಳಗೆ ತರುವುದಾದರೆ ಅದರ ಬಡಿತದ ಮೇಲೆ ಜನ ಹಾಡುವ ಒಂದು ಹಾಡಾದರೂ ಇರಲಿ.

ಈಗ ಕಸುಬಿನ ಮಾತಿಗೆ ಬರುತ್ತೇನೆ, ಏಕೆಂದರೆ ಒಳ್ಳೆಯ ಉದ್ದೇಶದ ಎಷ್ಟೋ ಆಯ್ಕೆಗಳು ಸೋಲುವುದು ಇಲ್ಲಿ. ತಬಲಾವನ್ನು ಒಂದು ಶ್ರುತಿಗೆ ಕಟ್ಟಿರುತ್ತಾರೆ. ಕೊಯರ್‌ನ ಮೊದಲ ಹಾಡು 'ಸಿ'ಯಲ್ಲಿ, ಎರಡನೆಯದು 'ಇ ಫ್ಲಾಟ್'ನಲ್ಲಿ, ಮೂರನೆಯದು 'ಜಿ'ಯಲ್ಲಿ ಇದ್ದರೆ ಎರಡು ಹಾಡುಗಳಲ್ಲಿ ತಬಲಾ ಅಪಶ್ರುತಿಯಾಗಿ ಕಿವಿಗೆ ಚುಚ್ಚುತ್ತದೆ. ತಬಲಾದವರಿಗೆ ಎರಡು ಮೂರು ಬಲಗೈ ತಬಲಾಗಳನ್ನು ತರಲು ಹೇಳಬೇಕು, ಇಲ್ಲವೇ ಹಾಡುಗಳನ್ನು ಒಂದೇ ಶ್ರುತಿಗೆ ಹೊಂದಿಸಬೇಕು. ಕೊಳಲಿನದೂ ಅದೇ ಕಥೆ: ಶ್ರುತಿಗೊಂದು ಕೊಳಲು. ಕೀಬೋರ್ಡಿನವನು ಗುಂಡಿಯೊತ್ತಿ ಕ್ಷಣದಲ್ಲಿ ಶ್ರುತಿ ಬದಲಾಯಿಸಬಲ್ಲ ಎಂಬ ಧೈರ್ಯದಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಹೊರಗಿನ ಗಾಯಕಿಯ ದನಿ ಮಿಂಚಲೆಂದು ಎಲ್ಲರಿಗೂ ಗೊತ್ತಿರುವ ಹಾಡನ್ನು ಮೂರು ಸ್ವರ ಮೇಲಕ್ಕೆ ಏರಿಸುವುದು. ಬೆಂಚಿನಲ್ಲಿರುವ ಐವತ್ತರ ಹೆಂಗಸು, ಅರವತ್ತರ ಗಂಡಸು ಮೇಲಿನ 'ಡಿ'ಯನ್ನು ದಾಟಲಾರರು. ಹಾಡು ಅವರ ಬಾಯಿಂದ ಜಾರಿದ್ದು ಗಾಯಕಿಗೆ ಕೇಳಿಸುವುದೂ ಇಲ್ಲ, ಅವಳ ಮುಂದೆ ಮಾನಿಟರ್ ಸ್ಪೀಕರ್ ಇರುತ್ತದೆ.

ಕೂರುವ ಜಾಗದ ಲೆಕ್ಕವೂ ಇದೆ. ನಮ್ಮ ಹಳೆಯ ಇಗರ್ಜಿಗಳಲ್ಲಿ ಕೊಯರ್ ನಿಲ್ಲುವುದು ಮುಖ್ಯದ್ವಾರದ ಮೇಲಿನ ಮಾಳಿಗೆಯಲ್ಲಿ. ಹೊರಗಿನ ವಾದ್ಯಗಾರರನ್ನು ವಿಡಿಯೊದಲ್ಲಿ ಕಾಣಿಸಲಿ ಎಂದು ಪೀಠದ ಬಳಿ ಕೂರಿಸುತ್ತಾರೆ. ನಡುವೆ ಮೂವತ್ತು ಮೀಟರ್ ಇದೆ ಎಂದಿಟ್ಟುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೂವತ್ತು ಮೀಟರಿಗೆ ಹೆಚ್ಚುಕಡಿಮೆ ಸೆಕೆಂಡಿನ ಹನ್ನೊಂದರಲ್ಲಿ ಒಂದು ಪಾಲು ಬೇಕು. ಲೆಕ್ಕಕ್ಕೆ ಚಿಕ್ಕದೆನಿಸಿದರೂ ತಾಳಕ್ಕೆ ಅದು ದೊಡ್ಡ ಬಿರುಕು. ಮೇಲಿನವರು ಕೆಳಗಿನವರಿಗಾಗಿ ಕಾಯುತ್ತಾರೆ, ಕೆಳಗಿನವರು ಮೇಲಿನವರಿಗಾಗಿ, ಹಾಡು ಸಾಲಿನಿಂದ ಸಾಲಿಗೆ ನಿಧಾನವಾಗುತ್ತ ಹೋಗುತ್ತದೆ. ವಾದ್ಯ ಮತ್ತು ದನಿ ಒಂದೇ ಕಡೆ ಇರಬೇಕು, ಇದರಲ್ಲಿ ರಾಜಿಯಿಲ್ಲ. ಎತ್ತರದ ಮಾಡು, ಗಟ್ಟಿ ನೆಲ, ಬರಿಯ ಗೋಡೆಗಳ ಕಟ್ಟಡದಲ್ಲಿ ಪೂರ್ತಿ ಡ್ರಮ್ ಸೆಟ್ ಇಟ್ಟರೆ ಒಂದು ಪೆಟ್ಟಿನ ಅನುರಣನ ಮುಗಿಯುವ ಮೊದಲೇ ಇನ್ನೊಂದು ಬಿದ್ದು, ಪದಗಳೆಲ್ಲ ಕಲಸಿಹೋಗುತ್ತವೆ. ವಯಲಿನ್ನಿನವರಲ್ಲಿ ಇನ್ನೊಂದು ಮಾತಿದೆ: ಒಂದೇ ಧಾಟಿಯನ್ನು ನುಡಿಸಲು ಒಬ್ಬರಿರಲಿ ಇಲ್ಲವೇ ಮೂವರಿರಲಿ, ಇಬ್ಬರು ಬೇಡ. ಇಬ್ಬರ ನಡುವಿನ ಕೂದಲೆಳೆಯ ಅಪಶ್ರುತಿ ಬತ್ತಲೆಯಾಗಿ ಕೇಳಿಸುತ್ತದೆ. ಮೂರನೆಯವರು ಬಂದರೆ ಅದು ಕರಗುತ್ತದೆ. 'ಆದರೆ ಎರಡು' ಎಂಬ ನಮ್ಮ ಪಟ್ಟಿಯ ವಯಲಿನ್‌ಗಳು ಸೋಲುವುದು ಹೀಗೆ.

ಹಾಗಾದರೆ ಯಾರನ್ನು ಕರೆಸಬೇಕು? ನನ್ನ ಉತ್ತರ ಅನೇಕರಿಗೆ ಸಪ್ಪೆ ಎನಿಸಬಹುದು. ನಮ್ಮ ಹೆಚ್ಚಿನ ಕೊಯರ್‌ಗಳಲ್ಲಿ ಇಲ್ಲದಿರುವುದು ಕೆಳಗಿನ ದನಿ. ಹುಡುಗಿಯರ ಎತ್ತರದ ದನಿ ಇದೆ, ಕೀಬೋರ್ಡಿನ ನಡುದನಿ ಇದೆ, ತಳಪಾಯ ಇಲ್ಲ. ಎರಡು ಗಟ್ಟಿ ಗಂಡುದನಿ, ಒಂದು ಚೆಲ್ಲೊ ಅಥವಾ ಬೇಸ್ ಗಿಟಾರ್ ಸೇರಿಸಿದರೆ ಇಡೀ ಸಭೆಗೆ ಕಾಲೂರಲು ನೆಲ ಸಿಕ್ಕಂತಾಗುತ್ತದೆ. ಕೆಳಗಿನ ಸ್ವರ ಸ್ಪಷ್ಟವಾಗಿದ್ದರೆ ಹಾಡಲು ಅಂಜುವವನಿಗೂ ಶ್ರುತಿ ಸಿಗುತ್ತದೆ. ಚೆಲ್ಲೊ ನುಡಿಸುವವರು ಫೋಟೊದಲ್ಲಿ ವಧುವಿನ ಹಿಂದೆ ಬೀಳುವುದಿಲ್ಲ, ಯಾರೂ ಬಂದು ಹೊಗಳುವುದಿಲ್ಲ, ಆದರೆ ಅವರಿಲ್ಲದಾಗ ಹಾಡು ಗಾಳಿಗೆ ತೇಲುತ್ತದೆ. ಎರಡನೆಯದಾಗಿ ನಾನು ಕರೆಸುವುದು ಕೀರ್ತನೆ ಹಾಡಿಸಬಲ್ಲ ಒಬ್ಬರನ್ನು: ಪೂಜೆಗೆ ಹತ್ತು ನಿಮಿಷ ಮೊದಲು ಮುಂದೆ ಬಂದು ನಿಂತು, ಜನರಿಗೆ ಪಲ್ಲವಿಯನ್ನು ಎರಡು ಸಲ ಹೇಳಿಕೊಟ್ಟು, ಕೈಯೆತ್ತಿ ಕರೆದು ಹಾಡಿಸುವವರು. ಇಂಥವರು ಸೋಲೊ ಗಾಯಕಿಯ ಹತ್ತರಷ್ಟು ಕೆಲಸ ಮಾಡುತ್ತಾರೆ. ಟ್ರಂಪೆಟ್ ಇರಲೇಬೇಕೆಂದರೆ ಅದರ ವಾದಕನ ಕೈಗೆ ಕೊನೆಯ ಹಾಡಿನ ಕೊನೆಯ ಚರಣವನ್ನು ಕೊಡಿ. ಜನ ಧಾಟಿ ಹಾಡುತ್ತಿರುವಾಗ ಅದರ ಮೇಲೆ ಇನ್ನೊಂದು ಎಳೆ ಹಾರಿಸಲಿ. ಇಂಗ್ಲೆಂಡಿನ ಚರ್ಚುಗಳ ಈ ರೂಢಿಯಲ್ಲಿ ವಾದ್ಯ ಜನರ ದನಿಗೆ ಕಿರೀಟವಾಗುತ್ತದೆ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುವುದನ್ನು ಮಾತ್ರ ನಾನು ಒಪ್ಪಲಾರೆ. ಟ್ರ್ಯಾಕ್ ಯಾರಿಗಾಗಿಯೂ ಕಾಯುವುದಿಲ್ಲ, ಪರಮಪ್ರಸಾದಕ್ಕೆ ಸಾಲು ನಿಂತ ಮುದುಕನಿಗಾಗಿ ಇನ್ನೊಂದು ಚರಣ ಹಾಡುವುದಿಲ್ಲ.

ಪ್ರಾಟೆಸ್ಟಂಟ್ ಸಭೆಗಳನ್ನು ಇಲ್ಲಿ ನೆನೆಯಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಸಭಾಗೀತೆಗಳ ಧಾಟಿಗೆ ಕನ್ನಡದ ಪದ ಕೂಡಿಸಿದರು. ಅದೇ ಮಿಷನ್ನಿನ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದ. ಆ ಸಭೆಗಳಲ್ಲಿ ಹಾಡಿನ ಸಂಖ್ಯೆ ಹೇಳಿದರೆ ಜನ ತಮ್ಮ ತಮ್ಮ ಪುಸ್ತಕ ತೆರೆದು ಎದ್ದು ನಿಂತು ಹಾಡುವ ಅಭ್ಯಾಸ ಬೇರೂರಿತು, ಅದೂ ನಾಲ್ಕು ದನಿಗಳಲ್ಲಿ. ಅಂಥ ಸಭೆಯ ಮದುವೆಗೆ ಒಂದು ಆರ್ಗನ್ನೇ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಮುಖ್ಯ ವಾದ್ಯ ಜನರೇ. ಈಚೆಗೆ ಅಲ್ಲಿಯೂ ಪುಸ್ತಕ ಮುಚ್ಚಿ ವೇದಿಕೆಯ ತಂಡವನ್ನು ನೋಡುವ ರೂಢಿ ಶುರುವಾಗಿದೆ. ಕಳೆದುಕೊಂಡದ್ದನ್ನು ಮತ್ತೆ ಕಟ್ಟುವುದು ಬಹಳ ಕಷ್ಟ ಎಂದು ಆ ಸಭೆಯ ಹಿರಿಯರಿಗೆ ಹೇಳಲು ಬಯಸುತ್ತೇನೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ಮದುವೆಗೆ ಬರುವವರಲ್ಲಿ ಅನೇಕರು ಬೇರೆ ಧರ್ಮದವರು, ಆಫೀಸಿನ ಸಹೋದ್ಯೋಗಿಗಳು, ದೂರದ ನೆಂಟರು. ಅವರಿಗೆ ಹಾಡು ಗೊತ್ತಿಲ್ಲ. ಗೊತ್ತಿದ್ದವರೂ ಮದುವೆಯ ದಿನ ಹಾಡುವುದಿಲ್ಲ, ಸುತ್ತ ನೋಡುತ್ತಿರುತ್ತಾರೆ. ಹಾಡದ ಜನರಿಗಾಗಿ ಸಂಗೀತ ಹೊಂದಿಸುವುದಕ್ಕಿಂತ, ಕೇಳುವ ಜನರಿಗೆ ಒಳ್ಳೆಯದನ್ನು ಕೇಳಿಸುವುದು ಮೇಲಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಕೇಳುವುದೂ ಪ್ರಾರ್ಥನೆಯೇ. ಪರಮಪ್ರಸಾದ ಮುಗಿದ ಮೇಲೆ ಒಂಟಿ ವಯಲಿನ್ ನಿಧಾನವಾಗಿ ನುಡಿದರೆ, ಬೇರೆ ಧರ್ಮದ ಅತಿಥಿಗೂ ಅಲ್ಲಿ ನಡೆಯುತ್ತಿರುವುದರ ಗಹನತೆ ಮುಟ್ಟುತ್ತದೆ. ಅದನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಆದರೆ 'ಜನ ಹಾಡುವುದಿಲ್ಲ' ಎಂಬುದನ್ನು ಅವರ ಸ್ವಭಾವ ಎಂಬಂತೆ ಹೇಳುವುದನ್ನು ಒಪ್ಪುವುದಿಲ್ಲ. ಅದೇ ಜನ ಮೊಂತಿ ಹಬ್ಬದ ನೊವೇನಾದಲ್ಲಿ, ಮಕ್ಕಳು ಹೂ ಎರಚುವಾಗ, ಗಂಟಲು ಬಿರಿಯುವಂತೆ ಹಾಡುತ್ತಾರೆ. ಹಾಡು ಗೊತ್ತಿದೆ, ಶ್ರುತಿ ಕೈಗೆಟಕುತ್ತದೆ, ಯಾರೂ ವೇದಿಕೆಯಲ್ಲಿ ನಿಂತು ತಮ್ಮನ್ನು ಮೆಚ್ಚಿಸಿಕೊಳ್ಳುತ್ತಿಲ್ಲ. ಮದುವೆಯಲ್ಲಿ ಈ ಮೂರನ್ನೂ ನಾವೇ ತೆಗೆದುಹಾಕಿ, ಜನ ಸುಮ್ಮನಿದ್ದಾರೆ ಎನ್ನುತ್ತೇವೆ. ಪೂಜೆಯ ಪುಸ್ತಿಕೆಯಲ್ಲಿ ಹಾಡಿನ ಸಾಹಿತ್ಯ ಪೂರ್ತಿ ಮುದ್ರಿಸಿದರೆ ಸಹೋದ್ಯೋಗಿಯೂ ಪಲ್ಲವಿಗೆ ದನಿಗೂಡಿಸುತ್ತಾನೆ. ಪಲ್ಲವಿ ನಾಲ್ಕೇ ಪದದ್ದಾಗಿರಲಿ.

ಇನ್ನು 'ಇದು ನಮ್ಮ ದಿನ, ನಮಗೆ ಇಷ್ಟವಾದ ಸಂಗೀತ' ಎಂಬ ಮಾತು. ಅಭಿರುಚಿಯನ್ನು ತೋರಲು ರಿಸೆಪ್ಶನ್ನಿನ ಹಾಲ್ ಇದೆ, ಅಲ್ಲಿ ಗ್ರ್ಯಾಂಡ್ ಮಾರ್ಚ್ ಇದೆ, ಮಧ್ಯರಾತ್ರಿಯವರೆಗೆ ಬ್ಯಾಂಡ್ ಇದೆ. ಪೂಜೆಯಲ್ಲಿ ಮದುವೆಯಾಗುವವರು ಸಭೆಯನ್ನು ಸಾಕ್ಷಿಗೆ ಕರೆದಿದ್ದಾರೆ. ಸಾಕ್ಷಿಗಳ ಬಾಯಿ ಮುಚ್ಚಿಸುವ ಆಯ್ಕೆ ದಂಪತಿಗೇ ನಷ್ಟ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕೊಯರ್‌ನವರನ್ನು ನಡೆಸಿಕೊಳ್ಳುವ ರೀತಿ. ವರ್ಷದ ಐವತ್ತೆರಡು ಭಾನುವಾರ ಮಳೆಯೋ ಸೆಖೆಯೋ ನೋಡದೆ ಮಾಳಿಗೆ ಹತ್ತುವವರು ಅವರು. ಮರಣದ ಪೂಜೆಗೂ ಅವರೇ, ಶಿಲುಬೆಯ ಹಾದಿಗೂ ಅವರೇ. ಮದುವೆ ಬಂದಾಗ ಹೊರಗಿನವರಿಗೆ ಮುಂಗಡ, ಪ್ರಯಾಣ, ಕೋಣೆ. ಇವರಿಗೆ ಒಂದು ಕವರ್ ಮತ್ತು ತಿಂಡಿ. ಹೊರಗಿನವರು ಬರುತ್ತಾರೆಂಬುದು ಕೊಯರ್ ಮಾಸ್ಟರ್‌ಗೆ ಹಿಂದಿನ ದಿನವಷ್ಟೇ ಗೊತ್ತಾಗುವ ಸಂದರ್ಭಗಳಿವೆ. ಇದು ಅವಮಾನ. ನನ್ನ ಮಟ್ಟಿಗೆ ಕ್ರಮ ಹೀಗಿರಬೇಕು: ಮೊದಲು ವಿಗಾರರೊಡನೆ ಮತ್ತು ಕೊಯರ್ ಮಾಸ್ಟರ್ ಜೊತೆ ಕೂತು ನಿಮ್ಮಲ್ಲಿ ಯಾವುದರ ಕೊರತೆ ಇದೆ ಎಂದು ಕೇಳುವುದು, ಕೊರತೆಯಿದ್ದಲ್ಲಿಗೆ, ಕೊಯರ್ ಮಾಸ್ಟರ್ ಒಪ್ಪಿದವರನ್ನೇ ಕರೆಸುವುದು, ಬಂದವರು ಅವರ ಕೈಸನ್ನೆಯಂತೆ ನುಡಿಸುವುದು, ಇಗರ್ಜಿಯಲ್ಲೇ ಒಂದು ಪ್ರಾಕ್ಟೀಸ್, ಎಲ್ಲ ಹಾಡುಗಳ ಶ್ರುತಿ ಬರೆದ ಒಂದು ಹಾಳೆ ಪ್ರತಿಯೊಬ್ಬರ ಕೈಗೆ. ಸಂಭಾವನೆ ಕೊಡುವಾಗ ಊರಿನ ಕೀಬೋರ್ಡ್ ವಾದಕನಿಗೆ ಹೊರಗಿನವನಷ್ಟೇ ಕೊಡಿ. ಹಣ ಸಾಲದಿದ್ದರೆ ಹೊರಗಿನವರಲ್ಲಿ ಒಬ್ಬರನ್ನು ಕಡಿಮೆ ಮಾಡಿ, ಊರಿನವರ ಪಾಲನ್ನಲ್ಲ. ಉಳಿದರೆ ಕೊಯರ್‌ಗೆ ಒಂದು ಒಳ್ಳೆಯ ಮೈಕ್ ಅಥವಾ ಹೊಸ ಹಾರ್ಮೋನಿಯಂ ಕೊಡಿಸಿ. ಅದು ಮುಂದಿನ ಭಾನುವಾರಕ್ಕೂ ಒದಗುತ್ತದೆ.

ಬ್ಯಾಂಡ್‌ಸೆಟ್ ಪ್ರೀತಿಸುವವರಿಗೆ ಒಂದು ಮಾತು, ನಾನೂ ಅವರಲ್ಲಿ ಒಬ್ಬ. ಅಷ್ಟು ಬಿಗಿಯಾಗಿದ್ದ 1903ರ ಆಜ್ಞೆ ಕೂಡ ಹೊರಗಿನ ಮೆರವಣಿಗೆಗೆ ಬಿಷಪರು ಬ್ಯಾಂಡನ್ನು ಅನುಮತಿಸಬಹುದೆಂದಿತ್ತು; ಜೊತೆಗೆ, ಮೆರವಣಿಗೆಯಲ್ಲಿ ಸಾಗುವವರು ಹಾಡುವ ಭಕ್ತಿಗೀತೆಗೆ ಬ್ಯಾಂಡ್ ಹಿಮ್ಮೇಳ ನುಡಿಸುವುದು ಅಪೇಕ್ಷಣೀಯ ಎಂದೂ ಹೇಳಿತ್ತು. ದಂಪತಿ ಮುಖ್ಯದ್ವಾರ ದಾಟಿ ಮೆಟ್ಟಿಲಿಗೆ ಬಂದಾಗ ಬ್ಯಾಂಡಿನವರು ಸಿನಿಮಾ ಹಾಡು ಎತ್ತುವ ಮೊದಲು, ಒಳಗೆ ಈಗಷ್ಟೇ ಹಾಡಿದ ಕೊನೆಯ ಹಾಡನ್ನೇ ಎತ್ತಿಕೊಳ್ಳಲಿ, ಅದೇ ಶ್ರುತಿಯಲ್ಲಿ. ಅದಕ್ಕಾಗಿ ಬ್ಯಾಂಡ್ ಮಾಸ್ಟರ್ ಕೊಯರ್‌ನ ಪ್ರಾಕ್ಟೀಸಿಗೆ ಒಮ್ಮೆ ಬಂದುಹೋಗಬೇಕು. ಮದುವೆ ಗೊತ್ತಾದ ವಾರವೇ ಅವರಿಗೆ ಫೋನ್ ಮಾಡಿ ಆ ದಿನ ಹೇಳಿಬಿಡಿ.